ಕೋಳ ಹೊತ್ತವನು

ತಳವಾರ ಭರಮನು ಕುಂಬಾರರ ತಿಪ್ಪಮ್ಮನ ಕೈಗೆ ಕೋಳ ತೊಡಿಸಿದ ದಿನ ಬೇರೆಲ್ಲ ದಿನಗಳ ಹಾಗೆಯೇ ಬೆಳಗಾಗಿತ್ತು. ಹೆಂಗಸರು ಬಾವಿಗೆ ಹೋಗುತ್ತಿದ್ದರು. ದನಗಳು ಊರಬಾಗಿಲು ದಾಟುತ್ತಿದ್ದವು. ಭರಮನು ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು, ಮೀಸೆ ಒರೆಸಿಕೊಂಡು, ಜಗಲಿಯ ಮೇಲೆ ಕೂತಿದ್ದ.

ಕರೇಬಂಡೆ ಎಂಬ ಆ ಸಣ್ಣ ಊರಿಗೆ ಅವನು ಹೊಸ ತಳವಾರ. ಅವನ ಅಪ್ಪ ಕಾಟಯ್ಯ ಹೋದ ಮಳೆಗಾಲದಲ್ಲಿ ತೀರಿಕೊಂಡ ಮೇಲೆ ಆ ಕೆಲಸ ಇವನಿಗೆ ಬಂದಿತ್ತು. ಊರು ಕಾಯುವುದು, ಜಗಳ ಬಿಡಿಸುವುದು, ಕಳವಾದರೆ ಕದ್ದವರನ್ನು ಹಿಡಿದು ಗೌಡರ ಮುಂದೆ ನಿಲ್ಲಿಸುವುದು ತಳವಾರನ ಕೆಲಸ. ಅದಕ್ಕೆಂದು ಊರು ಅವನಿಗೆ ಒಂದು ಕೋಲು, ಒಂದು ಕಂಬಳಿ, ಒಂದು ಜೊತೆ ಕೈಕೋಳ ಕೊಟ್ಟಿತ್ತು. ಎರಡು ಕಬ್ಬಿಣದ ಬಳೆ, ನಡುವೆ ಒಂದು ಗಟ್ಟಿ ಕೊಂಡಿ, ಒಂದು ಬೀಗ. ಅದೇ ಕೈಕೋಳ.

ಮಕ್ಕಳೇ, ಬೇರೆ ಊರುಗಳಲ್ಲಿ ಈ ಪದದ ಅರ್ಥ ಇಷ್ಟಕ್ಕೇ ಮುಗಿಯುತ್ತದೆ. ಕರೇಬಂಡೆಯಲ್ಲಿ ಮುಗಿಯುತ್ತಿರಲಿಲ್ಲ. ಹೊಸ ತಳವಾರನಿಗೆ ಕೋಳ ಒಪ್ಪಿಸುವ ದಿನ ಗೌಡರು ಊರಿನವರೆಲ್ಲರ ಎದುರು ಅವನನ್ನು ಕೇಳುತ್ತಿದ್ದರು: "ಕೈಕೋಳ ಅಂದರೇನು?"

ಅವನು ಹೀಗೆ ಹೇಳಬೇಕಿತ್ತು: "ತೊಟ್ಟವರ ಕೈ ಕಟ್ಟುವುದು. ತೊಡಿಸಿದವನನ್ನು ಅವರ ಕೈ ಮಾಡುವುದು."

ಇದು ಬಾಯಿಮಾತಿನ ಅರ್ಥವಲ್ಲ, ನಡೆಸಬೇಕಾದ ಅರ್ಥ. ಕೋಳ ತೊಡಿಸುವ ಮೊದಲು ತಳವಾರನು "ಕೈಯಲ್ಲಿ ಏನು ಕೆಲಸವಿದೆ?" ಎಂದು ಕೇಳಬೇಕು. ಅವರು ಹೇಳಿದ ಕೆಲಸವನ್ನು, ಗೌಡರು ವಿಚಾರಣೆ ನಡೆಸಿ ಬಿಡಿಸುವ ತನಕ, ತಾನೇ ಮಾಡಬೇಕು. ಉಣಿಸಬೇಕು. ನೀರು ಕುಡಿಸಬೇಕು. ಮೂಗಿನ ಮೇಲೆ ನೊಣ ಕೂತರೆ ಓಡಿಸಬೇಕು. ಆದ್ದರಿಂದಲೇ ಆ ಊರಿನವರು 'ತಳವಾರ ಕಳ್ಳನಿಗೆ ಕೋಳ ಹಾಕಿದ' ಎಂದು ಹೇಳುತ್ತಿರಲಿಲ್ಲ. 'ತಳವಾರ ಕಳ್ಳನ ಕೋಳ ಹೊತ್ತ' ಎನ್ನುತ್ತಿದ್ದರು.

ಕಾಟಯ್ಯ ಹಾಗೆ ಹಲವರ ಕೋಳ ಹೊತ್ತಿದ್ದ. ಒಬ್ಬನ ಹೊಲಕ್ಕೆ ನೀರು ಕಟ್ಟಿದ್ದ. ಇನ್ನೊಬ್ಬನ ಕೂಸಿನ ತೊಟ್ಟಿಲು ತೂಗಿದ್ದ. ಒಮ್ಮೆ ಕಾಯಿ ಕದ್ದವನೊಬ್ಬನ ಎಮ್ಮೆ ಕರೆಯಲು ಕೂತು, ಅದು ಒದ್ದ ಒದೆತಕ್ಕೆ ತಂಬಿಗೆಯ ಸಮೇತ ಗೊಬ್ಬರದ ಗುಂಡಿಗೆ ಬಿದ್ದಿದ್ದ. ಊರಿನ ಹುಡುಗರು ಅದನ್ನು ಬಹಳ ಕಾಲ ಆಡಿಕೊಂಡರು. "ನಿಮ್ಮಪ್ಪ ಕಳ್ಳರ ಮನೆಯ ಎಮ್ಮೆ ಕರೀತಾನೆ" ಎಂದು ಭರಮನನ್ನು ಕೆರಳಿಸುತ್ತಿದ್ದರು. ಭರಮನಿಗೆ ಆಗಲೇ ಮನಸ್ಸಿನಲ್ಲಿ ಕೂತುಬಿಟ್ಟಿತ್ತು: ನಾನು ತಳವಾರನಾದರೆ ಈ ಚಾಕರಿಯನ್ನೆಲ್ಲ ಮಾಡುವುದಿಲ್ಲ. ಗೌಡರು ಕೇಳಿದ ದಿನ ಅವನು ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಅರ್ಥ ಒಪ್ಪಿಸಿ, ಕೋಳ ಇಸಿದುಕೊಂಡು ಮನೆಗೆ ಬಂದಿದ್ದ. ಬೂದಿ ಹಾಕಿ ಅದನ್ನು ಫಳಫಳ ಉಜ್ಜಿ ಗೂಟಕ್ಕೆ ನೇತುಹಾಕಿದ್ದ. ಅಲ್ಲಿಂದ ಈಚೆಗೆ ಅದನ್ನು ಯಾರಿಗೂ ತೊಡಿಸುವ ಸಂದರ್ಭ ಬಂದಿರಲಿಲ್ಲ.

ಆ ಬೆಳಿಗ್ಗೆ ಬಂತು. ವ್ಯಾಪಾರಿ ಪಂಪಣ್ಣ ಶೆಟ್ಟಿ ಏದುಸಿರು ಬಿಡುತ್ತ ಜಗಲಿಯ ಮುಂದೆ ನಿಂತ.

"ಲೋ ಭರಮ! ಮೀಸೆ ತಿರುವಿಕೊಂಡು ಕೂತಿದ್ದೀಯಲ್ಲ, ಊರನ್ನೇ ದೋಚಿಕೊಂಡು ಹೋದರೂ ನಿನಗೆ ಎಚ್ಚರ ಆಗಲ್ಲ."

"ಏನಾಯ್ತು ಶೆಟ್ರೇ? ಕೂತ್ಕೊಳ್ಳಿ, ನೀರು ಕೊಡ್ತೀನಿ."

"ನೀರು ಬೇಡ, ನ್ಯಾಯ ಬೇಕು. ಮೊಮ್ಮಗನ ಬೆಳ್ಳಿ ಬಟ್ಟಲು ಹೋಯ್ತು. ಅಡಿಗೆಮನೆ ಗೂಡಿನಲ್ಲಿತ್ತು. ನಿನ್ನೆ ಹೊರಗಿನವರು ಅಂತ ಒಳಗೆ ಬಂದವಳು ಒಬ್ಬಳೇ. ಗಡಿಗೆ ತಂದುಕೊಟ್ಟ ಕುಂಬಾರರ ತಿಪ್ಪಮ್ಮ."

"ಮನೆಯವರನ್ನೆಲ್ಲ ಕೇಳಿದಿರಾ?"

"ಕೇಳದೆ ಬರ್ತೀನಾ? ಊರದೇವರ ಮೇಲೆ ಆಣೆ ಇಟ್ಟು ದೂರು ಕೊಡ್ತಿದ್ದೀನಿ. ಇನ್ನು ನಿನ್ನ ಕೆಲಸ."

ಆಣೆ ಇಟ್ಟು ದೂರು ಕೊಟ್ಟರೆ ತಳವಾರನು ಕೋಳ ತೊಡಿಸಲೇಬೇಕು. ತೊಡಿಸಿದ ಮೇಲೆ ಗೌಡರ ಅಪ್ಪಣೆಯಿಲ್ಲದೆ ಬಿಚ್ಚುವಂತಿಲ್ಲ. ಗೌಡರೋ, ನೆಂಟರ ಊರಿಗೆ ಹೋದವರು, ಮರುದಿನ ಬೆಳಿಗ್ಗೆ ಬರುವವರಿದ್ದರು. ಭರಮನು ಗೂಟದಿಂದ ಕೋಳ ತೆಗೆದು ಹೆಗಲಿಗೆ ಹಾಕಿಕೊಂಡ. ಬೀದಿಯಲ್ಲಿ ಅದು ಬಿಸಿಲಿಗೆ ಹೊಳೆಯಿತು. ಜನ ತಿರುಗಿ ನೋಡಿದರು. ಅವನು ಇನ್ನಷ್ಟು ನೆಟ್ಟಗೆ ನಡೆದ.

ಕುಂಬಾರರ ಮನೆ ಊರಿನ ಅಂಚಿನಲ್ಲಿ, ಕೆರೆಯ ಏರಿಯ ಕೆಳಗಿತ್ತು. ಊರಿಗೆಲ್ಲ ಇದ್ದದ್ದು ಅದೊಂದೇ ಕುಂಬಾರರ ಮನೆ. ತಿಪ್ಪಮ್ಮ ಹಿತ್ತಲಿನಲ್ಲಿ ಆವಿಗೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಆವಿಗೆ ಎಂದರೆ ಮಡಕೆ ಸುಡುವ ಗೂಡು. ಸೊಂಟದೆತ್ತರದ ದುಂಡು ಗೋಡೆ, ಕೆಳಗೆ ಬೆಂಕಿ ಹಾಕುವ ಬಾಯಿ. ಒಳಗೆ ಹಸಿಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಹಳೆಯ ಮಡಕೆಯ ಚೂರು, ಹುಲ್ಲು, ಕೆಸರು ಮೆತ್ತಿ ಮುಚ್ಚಿರುತ್ತಾರೆ.

ಭರಮನು ದೂರು ಹೇಳಿದ. ತಿಪ್ಪಮ್ಮ ಎದ್ದು ನಿಂತಳು. ಬೈಯಲಿಲ್ಲ, ಅಳಲಿಲ್ಲ. "ನಾನು ಬಟ್ಟಲು ಕಂಡೇ ಇಲ್ಲ" ಎಂದಷ್ಟೇ ಹೇಳಿ ಎರಡೂ ಕೈ ಮುಂದೆ ಚಾಚಿದಳು. ಬೆರಳ ಸಂದಿಯಲ್ಲೆಲ್ಲ ಮಣ್ಣು ಒಣಗಿತ್ತು. ಭರಮನು ಬಳೆ ತೊಡಿಸಿ, ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡ. ಕೇಳಬೇಕಾದ್ದನ್ನು ಕೇಳಲಿಲ್ಲ. ಮರೆತದ್ದಲ್ಲ, ಕೇಳದಿದ್ದರೆ ಮಾಡಬೇಕಾಗುವುದಿಲ್ಲ ಎಂದುಕೊಂಡಿದ್ದ.

ತಿಪ್ಪಮ್ಮ ಅವನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದಳು.

"ಏನೋ ಭರಮಾ, ಬೀಗ ಮೊದಲು ಬಿತ್ತಲ್ಲೋ. ನಿಮ್ಮಪ್ಪ ಮೊದಲು ಕೇಳ್ತಿದ್ದ."

ಭರಮನ ಕಿವಿ ಬಿಸಿಯಾಯಿತು. "ಕೈಯಲ್ಲಿ… ಏನು ಕೆಲಸವಿದೆ ದೊಡ್ಡಮ್ಮ?"

"ಕಣ್ಣು ಕಾಣಲ್ವಾ? ಈಗಷ್ಟೇ ಆವಿಗೆಗೆ ಬೆಂಕಿ ಕೊಟ್ಟಿದ್ದೀನಿ."

"ಆರಿಸಿಬಿಟ್ಟರೆ? ನಾಳಿದ್ದು ಮತ್ತೆ ಹಚ್ಚಬಹುದು."

"ಮಣ್ಣಿಗೆ ಬಿಸಿ ತಾಗಿಬಿಟ್ಟಿದೆ. ಈಗ ನಿಲ್ಲಿಸಿದರೆ ಎಲ್ಲ ಬಿರುಕು ಬಿಡ್ತವೆ."

"ಯಾರಾದರೂ ಆಳು ಕಳಿಸ್ತೀನಿ."

"ಕೋಳ ಆಳು ತೊಡಿಸಿದನಾ?"

ತಿಪ್ಪಮ್ಮ ಕಟ್ಟಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಆವಿಗೆಯ ಮುಂದೆ ಕೂತಳು. ಕೂತು, ಬೆಂಕಿಯ ಕಡೆ ನೋಡುತ್ತ ಹೇಳಿದಳು.

"ಇವು ಬೇರೆ ಮಡಕೆಗಳಾಗಿದ್ದರೆ ಹೋಗಲಿ ಬಿಡು ಅಂತಿದ್ದೆ ಮಗಾ. ಇವು ಅವರು ಮಾಡಿದ್ದು."

ಅವಳ ಗಂಡ ಕರಿಯಣ್ಣ ಯುಗಾದಿಯ ಹಿಂದಿನ ವಾರ ತೀರಿಕೊಂಡಿದ್ದ. ಬೆಳಿಗ್ಗೆ ತಿಗರಿಯ, ಅಂದರೆ ಕುಂಬಾರನ ಚಕ್ರದ, ಮುಂದೆ ಕೂತು ಮಣ್ಣು ತಿರುಗಿಸಿದ್ದ. ಕೊನೆಯ ಗಡಿಗೆಯನ್ನು ದಾರದಿಂದ ಕೊಯ್ದು ಇಳಿಸಿ, ಕೈ ತೊಳೆದು, ಸ್ವಲ್ಪ ಮಲಗಿಕೊಳ್ಳುತ್ತೇನೆ ಎಂದವನು ಏಳಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಆ ಮನೆಯಲ್ಲಿ ತಿಗರಿ ತಿರುಗಿಸುತ್ತಿದ್ದವನು ಅವನೊಬ್ಬನೇ. ತಟ್ಟಿ ನಯಮಾಡಿ ಸುಡುವ ಕೆಲಸ ತಿಪ್ಪಮ್ಮನದು. ಅವನು ಹೋದ ಮೇಲೆ ಅವಳು ಹಿಂದೆ ಸುಟ್ಟಿಟ್ಟಿದ್ದ ಮಡಕೆಗಳನ್ನೇ ಮಾರುತ್ತ, ಆ ಹಸಿ ಮಡಕೆಗಳನ್ನು ಚಪ್ಪರದ ನೆರಳಿನಲ್ಲಿ ಇಟ್ಟು, ದಿನವೂ ನೋಡುತ್ತ, ಸುಡಲು ಮನಸ್ಸು ಬಾರದೆ ತಳ್ಳುತ್ತಲೇ ಬಂದಿದ್ದಳು. ಈಗ ಮಳೆ ಹತ್ತಿರವಾಗಿತ್ತು. ಸುಡದ ಮಣ್ಣಿಗೆ ಮಳೆಹನಿ ಬಿದ್ದರೆ ಮಡಕೆ ಮತ್ತೆ ಕೆಸರಾಗುತ್ತದೆ. ಅದಕ್ಕೇ ಆ ದಿನ ಗಟ್ಟಿ ಮನಸ್ಸು ಮಾಡಿ ಬೆಂಕಿ ಕೊಟ್ಟಿದ್ದಳು. ಕರಿಯಣ್ಣನ ಕೈಯಿಂದ ಇನ್ನು ಮಡಕೆಗಳು ಬರುವಂತಿರಲಿಲ್ಲ. ಇವೇ ಕೊನೆಯವು.

ಭರಮನು ಕೋಲನ್ನು ಗೋಡೆಗೆ ಒರಗಿಸಿದ. ಕಂಬಳಿ ಮಡಿಸಿಟ್ಟ. ಪಂಚೆ ಎತ್ತಿ ಕಟ್ಟಿ, ಒಂದು ತೋಳು ತುಂಬ ಸೌದೆ ಎತ್ತಿಕೊಂಡು ಬಂದು ಒಟ್ಟಿಗೇ ಬಾಯೊಳಗೆ ತುರುಕಿದ.

"ಅಯ್ಯಯ್ಯೋ, ತೆಗಿ ತೆಗಿ! ಹೆಣ ಸುಡ್ತಿದ್ದೀಯೇನೋ? ಒಂದೊಂದು ಕಡ್ಡಿ. ಮೊದಲು ಮಣ್ಣಿನ ಮೈ ಬೆವರಬೇಕು."

"ಮಣ್ಣು ಬೆವರುತ್ತಾ?"

"ನಿನಗಿಂತ ಚೆನ್ನಾಗಿ ಬೆವರುತ್ತೆ. ಅದೋ ಮೇಲೆ ನೋಡು, ಬಿಳೀ ಹೊಗೆ. ಅದು ನೀರು. ಹೊಗೆ ತೆಳ್ಳಗಾಗೋ ತನಕ ಸಣ್ಣ ಉರಿ."

ಹೀಗೆ ಶುರುವಾಯಿತು. ತಿಪ್ಪಮ್ಮ ಗಲ್ಲ ಎತ್ತಿ ತೋರಿಸುತ್ತಿದ್ದಳು, ಭರಮ ಓಡಾಡುತ್ತಿದ್ದ. ಆ ಕಡೆ ಕೆಸರು ಬಿರಿದಿದೆ, ಮೆತ್ತು. ಈ ಕಡೆ ಗಾಳಿ ನುಗ್ಗುತ್ತಿದೆ, ಬಿದಿರ ತಟ್ಟಿ ಅಡ್ಡ ಇಡು. ಅದು ಬೇವು, ಹೊಗೆ ಜಾಸ್ತಿ, ಜಾಲಿ ಹಾಕು. ಜಾಲಿಯ ಮುಳ್ಳು ಅಂಗೈಗೆ ಹೊಕ್ಕಿತು. ಕೆಂಡ ಸಿಡಿದು ಮೀಸೆಯ ಒಂದು ತುದಿ ಸೀದು ಹೋಯಿತು. ತಿಪ್ಪಮ್ಮ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದಳು.

"ನಗು ದೊಡ್ಡಮ್ಮ, ನಗು. ನಮ್ಮಪ್ಪ ಎಮ್ಮೆ ಕೈಲಿ ಒದೆಸಿಕೊಂಡ, ನಾನು ಮೀಸೆ ಸುಟ್ಟುಕೊಂಡೆ."

"ಆ ಎಮ್ಮೆ ಕಥೆ ನಿನಗೆ ಪೂರಾ ಗೊತ್ತಿಲ್ಲ. ಒದೆಸಿಕೊಂಡ ಮೇಲೆ ಏನು ಮಾಡಿದ ಹೇಳು?"

"ಮನೆಗೆ ಬಂದು ಮೈ ತೊಳೆದುಕೊಂಡ."

"ಮೈ ತೊಳೆದುಕೊಂಡು ಮತ್ತೆ ಹೋಗಿ ಕರೆದ. ಆ ಕಳ್ಳನ ಮನೆಯಲ್ಲಿ ಎಳೆಗೂಸಿತ್ತು."

ಭರಮನು ಇದನ್ನು ಕೇಳಿರಲಿಲ್ಲ. ಹುಡುಗರು ಇಷ್ಟನ್ನು ಆಡಿಕೊಂಡಿರಲಿಲ್ಲ. ಅವನು ಇನ್ನೊಂದು ಕೊರಡು ಒಳಗೆ ಸರಿಸಿದ. ಈ ಸಲ ನಿಧಾನವಾಗಿ ಸರಿಸಿದ.

ಬಿಸಿಲು ನೆತ್ತಿಗೆ ಬಂದಾಗ ಪಕ್ಕದ ಮನೆಯವಳು ಬುತ್ತಿ ತಂದಿಟ್ಟು ಹೋದಳು. ಮುದ್ದೆ, ಹುರುಳಿ ಸಾರು. ಭರಮನು ಕೈ ತೊಳೆದು ತಿಪ್ಪಮ್ಮನ ಮುಂದೆ ಕೂತ. ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು. ಬಿಸಿ ಮುದ್ದೆ ಮುರಿಯುವಾಗ ಹಲ್ಲು ಕಚ್ಚಿಕೊಂಡ. ದೊಡ್ಡದೊಂದು ತುತ್ತನ್ನು ಸಾರಿನಲ್ಲಿ ಅದ್ದಿ ಅವಳ ಬಾಯಿಗೆ ಹಿಡಿದ.

"ಸಣ್ಣದು ಮಾಡೋ. ನಾನೇನು ಎತ್ತಾ?"

ಸಣ್ಣದು ಮಾಡಿದ. ಅವಳು ನುಂಗಿದಳು. ಎರಡು ತುತ್ತಿನ ನಂತರ ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಕೋಳ ಬಿಗಿದ ಕೈಗಳು ಮೇಲೆ ಬರಲು ಹೋಗಿ, ಕಬ್ಬಿಣದ ಭಾರಕ್ಕೆ ಮತ್ತೆ ಮಡಿಲಿಗೆ ಬಿದ್ದವು.

"ಏನಾಯ್ತು ದೊಡ್ಡಮ್ಮ? ಖಾರವಾ?"

"ಇಲ್ಲ. ಆವಿಗೆ ಹಾಕಿದ ದಿನ ನನ್ನ ಕೈ ಕೆಸರಾಗಿರ್ತಿತ್ತಲ್ಲ, ಅವರೇ ಉಣಿಸ್ತಿದ್ದರು."

ಭರಮನು ಹೆಗಲ ಮೇಲಿನ ಟವೆಲಿನ ಒಳತುದಿ, ಮಸಿ ತಾಗದ ತುದಿ, ಹುಡುಕಿ ಅವಳ ಕಣ್ಣೊರೆಸಿದ. ಅವನಿಗೆ ಆಗ ಒಂದು ವಿಷಯ ಹೊಳೆಯಿತು. ಕೋಳ ತೊಟ್ಟವರಿಗೆ ತಮ್ಮ ಕಣ್ಣೀರನ್ನೂ ತಾವೇ ಒರೆಸಿಕೊಳ್ಳಲು ಆಗುವುದಿಲ್ಲ. ಅಷ್ಟೊಂದು ಬೂದಿ ಹಾಕಿ ಕೋಳ ಉಜ್ಜಿದ್ದವನು ಇದನ್ನು ಒಂದು ಸಲವೂ ಯೋಚಿಸಿರಲಿಲ್ಲ.

ಮಧ್ಯಾಹ್ನದ ಮೇಲೆ ದೊಡ್ಡ ಉರಿ ಹಾಕಿದರು. ಗೋಡೆಯ ಸಣ್ಣ ಕಿಂಡಿಯಲ್ಲಿ ಇಣುಕಿದರೆ ಒಳಗಿನ ಮಡಕೆಗಳು ಮುತ್ತುಗದ ಹೂವಿನ ಬಣ್ಣಕ್ಕೆ ತಿರುಗುತ್ತಿದ್ದವು. "ಚೆಂದ ಕಾಣ್ತವೆ" ಎಂದ ಭರಮ. "ಈ ಬಣ್ಣ ಬಂದಾಗ ಬಾಯಿ ಮುಚ್ಚಬೇಕು" ಎಂದಳು ತಿಪ್ಪಮ್ಮ. "ಬೆಂಕಿಯ ಬಾಯಿ ಕಣೋ, ನಿನ್ನದಲ್ಲ. ಮುಚ್ಚಿದ ಮೇಲೆ ನಾಳೆ ಬೆಳಿಗ್ಗೆಯ ತನಕ ತೆಗೀಬಾರದು. ಒಳಗೇ ಮೆಲ್ಲಗೆ ಆರಬೇಕು. ಬಿಸಿಯಲ್ಲಿ ತೆಗೆದರೆ ಗಾಳಿ ತಾಗಿದ ಕೂಡಲೇ ಪಟಪಟ ಸೀಳ್ತವೆ. ಹಸಿಮಣ್ಣು ಒಡೆದರೆ ಕಲಸಿ ಮತ್ತೆ ಮಾಡಬಹುದು. ಸುಟ್ಟಿದ್ದು ಒಡೆದರೆ ಮಣ್ಣಾಗಿಯೂ ವಾಪಸು ಬರಲ್ಲ."

ಭರಮನು ಆವಿಗೆಯ ಬಾಯಿಗೆ ಕಲ್ಲು ಇಟ್ಟು ಕೆಸರು ಮೆತ್ತುತ್ತಿದ್ದ. ಆಗ ಪಂಪಣ್ಣ ಶೆಟ್ಟಿ ಬಂದ. ಹಿಂದೆ ಐದಾರು ಜನ. ಶೆಟ್ಟಿಯ ಕೈಯಲ್ಲಿ ಹಾರೆ.

"ಎಲ್ಲ ಕಡೆ ಹುಡುಕಿದೆ. ಇವಳ ಮನೆಯೊಳಗೂ ಈಗ ನೋಡಿಬಂದೆ. ಇನ್ನು ಉಳಿದಿರೋದು ಇದೊಂದೇ ಜಾಗ. ಬಟ್ಟಲು ಆವಿಗೆಯೊಳಗಿದೆ. ತೆಗಿ."

"ನಾಳೆ ಬೆಳಿಗ್ಗೆ ತೆಗೀತೀನಿ ಶೆಟ್ರೇ. ಗೌಡರೂ ಬಂದಿರ್ತಾರೆ."

"ನಾಳೆಗೆ ನನ್ನ ಬೆಳ್ಳಿ ಕರಗಿ ನೀರಾಗಿರುತ್ತೆ! ಅದಕ್ಕೇ ಅಲ್ವಾ ಇವಳು ಇವತ್ತೇ ಬೆಂಕಿ ಹಾಕಿದ್ದು? ಇಷ್ಟು ದಿನ ಚಪ್ಪರದಲ್ಲಿ ಕೊಳೀತಿದ್ದ ಮಡಕೆ ಇವತ್ತೇ ಯಾಕೆ ಸುಡಬೇಕಿತ್ತು?"

ಬಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ಸರಿಯಾಗಿದೆ ಅನ್ನಿಸಿತು. ಭರಮನಿಗೂ ಒಂದು ಕ್ಷಣ ಅನ್ನಿಸಿತು. ತಿಪ್ಪಮ್ಮ ಕದ್ದಿಲ್ಲ ಎಂದು ಅವನಿಗೆ ಗೊತ್ತಿತ್ತೇ? ಗೊತ್ತಿರಲಿಲ್ಲ. ಕಂಡವರು ಯಾರೂ ಇರಲಿಲ್ಲ.

"ಬೆಳ್ಳಿ ಕರಗಿದರೆ ಬೆಳ್ಳಿಯಾಗಿಯೇ ಸಿಗುತ್ತೆ ಶೆಟ್ರೇ" ಎಂದ. "ಈ ಮಡಕೆ ಒಡೆದರೆ ಏನೂ ಸಿಗಲ್ಲ."

"ಕಳ್ಳಿಯ ಮಡಕೆಯ ಚಿಂತೆ ನಿನಗೆ ಯಾಕೋ? ಊರು ನಿನ್ನ ಕೈಗೆ ಕೋಲು ಕೊಟ್ಟಿರೋದು ಯಾತಕ್ಕೆ?"

"ಕೋಲು ಅಲ್ಲಿ ಗೋಡೆಗೆ ಒರಗಿದೆ. ಬೆಳಿಗ್ಗೆಯಿಂದ ಇವು ನನ್ನ ಕೈಗಳಲ್ಲ, ದೊಡ್ಡಮ್ಮನ ಕೈಗಳು. ಅವಳ ಕೋಳ ಹೊತ್ತಿದ್ದೀನಿ."

"ಓಹೋ! ನಾಳೆ ಒಳಗೆ ಬಟ್ಟಲು ಸಿಗಲಿ. ಕಳ್ಳಿಗೆ ಜೊತೆಯಾದೆ ಅಂತ ತಳವಾರಿಕೆ ಹೋಗುತ್ತೆ. ಅದೇ ಕೋಳ ನಿನ್ನ ಕೈಗೂ ಬೀಳುತ್ತೆ."

"ಬೀಳಲಿ. ತೊಡಿಸೋಕೆ ಬಂದವನು ಕೈಯಲ್ಲೇನು ಕೆಲಸ ಅಂತ ಕೇಳ್ತಾನಲ್ಲ. ಈ ಆವಿಗೆ ಆರೋ ತನಕ ಕಾಯಪ್ಪ ಅಂತೀನಿ."

ಒಬ್ಬಿಬ್ಬರು ನಕ್ಕರು. ಶೆಟ್ಟಿ ನಗಲಿಲ್ಲ. ಹಾರೆ ಎತ್ತಿ ಒಂದು ಹೆಜ್ಜೆ ಮುಂದೆ ಬಂದ. ಭರಮನು ಆವಿಗೆಗೆ ಬೆನ್ನು ಕೊಟ್ಟು ನಿಂತ. ಗೋಡೆಯ ಕಾವು ಅಂಗಿಯನ್ನು ದಾಟಿ ಬೆನ್ನಿಗೆ ತಾಗುತ್ತಿತ್ತು.

ಆಗ ತಿಪ್ಪಮ್ಮ ಮಾತಾಡಿದಳು. ಅವಳ ದನಿ ಸಣ್ಣಗಾಗಿತ್ತು.

"ತೆಗೆದುಬಿಡು ಮಗಾ. ಹೋದವರೇ ಹೋದರು, ಅವರ ಮಡಕೆ ಇಟ್ಟುಕೊಂಡು ನಾನೇನು ಮಾಡಲಿ? ನಿನ್ನ ಕೆಲಸ ಕಳ್ಕೋಬೇಡ. ನಿನಗೆ ಹೆಂಡತಿ ಬರಬೇಕು, ಮನೆಯಾಗಬೇಕು. ತೆಗಿ."

ಭರಮನಿಗೆ ಇದು ಶೆಟ್ಟಿಯ ಹಾರೆಗಿಂತ ಕಷ್ಟವಾಯಿತು. ಅವಳೇ ತೆಗೆ ಎಂದ ಮೇಲೆ ತೆಗೆದರೆ ಯಾರೂ ಅವನನ್ನು ದೂರುವಂತಿರಲಿಲ್ಲ. ಕೆಲಸ ಉಳಿಯುತ್ತಿತ್ತು. ಶೆಟ್ಟಿಯೂ ಸುಮ್ಮನಾಗುತ್ತಿದ್ದ. ಅವನು ತಿರುಗಿ ಅವಳ ಕೈಗಳನ್ನು ನೋಡಿದ. ಮಡಿಲಿನಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

"ದೊಡ್ಡಮ್ಮ, ನಿಜ ಹೇಳು. ನಿನ್ನ ಕೈಗೆ ಕೋಳ ಇಲ್ಲದಿದ್ದಿದ್ದರೆ, ಯಾರು ಎಷ್ಟೇ ಹೆದರಿಸಿದರೂ ಇದನ್ನ ಈಗ ತೆಗೀತಿದ್ದೆಯಾ?"

ತಿಪ್ಪಮ್ಮ ತಲೆ ತಗ್ಗಿಸಿದಳು. "ಇಲ್ಲ" ಎಂದಳು.

"ಹಾಗಾದರೆ ನಾನೂ ತೆಗೆಯಲ್ಲ."

ಗುಂಪಿನಲ್ಲಿದ್ದ ಹಿರಿಯರೊಬ್ಬರು ಶೆಟ್ಟಿಯ ಕೈಯಿಂದ ಹಾರೆಯನ್ನು ಮೆಲ್ಲಗೆ ಬಿಡಿಸಿಕೊಂಡು, "ಬೆಳಿಗ್ಗೆ ನೋಡೋಣ ಬಾ ಪಂಪಣ್ಣ" ಎಂದು ಕರೆದುಕೊಂಡು ಹೋದರು. ಪಕ್ಕದ ಮನೆಯವಳು ಬಂದು ತಿಪ್ಪಮ್ಮನ ಜೊತೆ ಒಳಗೆ ಮಲಗಿದಳು. ಭರಮನು ಕಂಬಳಿ ಹೊದ್ದು ಆವಿಗೆಯ ಪಕ್ಕದಲ್ಲೇ ಒರಗಿದ.

ಬೆಳಿಗ್ಗೆ ಗೌಡರು ಬಂದರು. ಊರಿಗೆ ಊರೇ ಕುಂಬಾರರ ಹಿತ್ತಲಿನಲ್ಲಿ ಸೇರಿತು. ಭರಮನು ಗೋಡೆಗೆ ಅಂಗೈ ಇಟ್ಟು ನೋಡಿದ. ಆರಿತ್ತು. ಆದರೂ ತಿಪ್ಪಮ್ಮನ ಕಡೆ ನೋಡಿದ. ಅವಳು ಹೂಂ ಎಂದ ಮೇಲೆಯೇ ಕೆಸರು ಬಿಡಿಸಿ, ಚೂರು ತೆಗೆದು, ಮಡಕೆಗಳನ್ನು ಇಳಿಸತೊಡಗಿದ. ಹರವಿಗಳು, ಗಡಿಗೆಗಳು, ಕುಡಿಕೆಗಳು. ಒಂದೊಂದನ್ನೂ ಅವಳ ಮುಂದೆ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ಟಣ್ ಎಂದು ದನಿ ಬಂದರೆ ತಿಪ್ಪಮ್ಮ ತಲೆ ಆಡಿಸುತ್ತಿದ್ದಳು. ಎಲ್ಲವೂ ಟಣ್ ಎಂದವು. ಕೊನೆಗೆ ತಳದ ಬೂದಿಯನ್ನು ಗೌಡರ ಕಣ್ಣೆದುರಿಗೇ ಜರಡಿ ಹಿಡಿದ. ಬೆಳ್ಳಿಯ ಒಂದು ಹನಿಯೂ ಇರಲಿಲ್ಲ.

"ಹಾಗಾದರೆ ಎಲ್ಲೋ ಹೂತಿಟ್ಟಿದ್ದಾಳೆ" ಎಂದ ಶೆಟ್ಟಿ.

ಅಷ್ಟರಲ್ಲಿ ಜನರ ನಡುವಿನಿಂದ ಕೋಲೂರುತ್ತ ಒಬ್ಬ ಮುದುಕಿ ಬಂದಳು. ಶೆಟ್ಟಿಯ ತಾಯಿ. ಅವಳಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

"ಏನೋ ಪಂಪಣ್ಣ, ಮನೆಮಂದಿಯೆಲ್ಲ ಇಲ್ಲಿಗೆ ಬಂದು ಕೂತರೆ ಕೂಸಿಗೆ ಹಾಲು ಯಾರೋ ಕುಡಿಸ್ತಾರೆ? ಬಟ್ಟಲು ಬೇರೆ ಇನ್ನೂ ನೆನೀತಾ ಇದೆ."

"ಯಾವ ಬಟ್ಟಲು?" ಶೆಟ್ಟಿ ಅವಳ ಕಿವಿಯ ಹತ್ತಿರ ಬಾಗಿ ಕೂಗಿದ.

"ಬೆಳ್ಳೀದು ಕಣೋ. ಕಪ್ಪಗಾಗಿತ್ತು ಅಂತ ಅಂಟುವಾಳದ ನೀರಿನಲ್ಲಿ ಹಾಕಿಟ್ಟಿದ್ದೀನಿ. ಹಿತ್ತಲಲ್ಲಿ, ಹೊಸ ಗಡಿಗೆಯೊಳಗೆ."

"ಅಮ್ಮಾ, ನೀನು ಒಂದು ಮಾತು ಹೇಳಬಾರದಾಗಿತ್ತಾ?"

"ನೀನು ಕೇಳಿದೆಯಾ?"

ನಿಜ. ಮನೆಯವರನ್ನೆಲ್ಲ ಕೇಳಿದ್ದ ಶೆಟ್ಟಿ, ಹೇಗಿದ್ದರೂ ಕಿವಿ ಕೇಳಿಸುವುದಿಲ್ಲವೆಂದು ತಾಯಿಯೊಬ್ಬಳನ್ನು ಕೇಳಿರಲಿಲ್ಲ. ಅವನು ನಿಂತಲ್ಲೇ ನೆಲ ನೋಡಿದ. ಗೌಡರು ಭರಮನಿಗೆ ಕಣ್ಸನ್ನೆ ಮಾಡಿದರು. ಭರಮನು ಉಡಿದಾರದಿಂದ ಕೀಲಿ ಬಿಚ್ಚಿ ಬೀಗ ತೆಗೆದ. ಮಣಿಕಟ್ಟಿನಲ್ಲಿ ಕೆಂಪಗೆ ಬಳೆಯ ಗುರುತು ಬಿದ್ದಿತ್ತು. ತಿಪ್ಪಮ್ಮ ಅದನ್ನು ಉಜ್ಜಿಕೊಳ್ಳಲಿಲ್ಲ. ಹತ್ತಿರದ ಗಡಿಗೆಯೊಳಗೆ ಕೈ ಇಳಿಸಿ, ಒಳಗಡೆ ಕರಿಯಣ್ಣನ ಬೆರಳು ಎಳೆದ ಸುತ್ತುಗೆರೆಗಳನ್ನು ಮೆಲ್ಲಗೆ ಸವರಿದಳು.

ಗೌಡರು ಶೆಟ್ಟಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದರು. ಹೇಳುವ ಮೊದಲೇ ಶೆಟ್ಟಿ ರುಮಾಲು ತೆಗೆದಿಟ್ಟು, ಬಾಗಿ, ಒಂದು ಹರವಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ಎಲ್ಲಿ ಇಡಲಿ ತಿಪ್ಪಮ್ಮಕ್ಕ?" ಎಂದು ಕೇಳಿದ.

"ಜಗಲಿ ಮೇಲೆ. ಮೆಲ್ಲಗೆ ಇಡಪ್ಪ, ಅದು ಬೆಳ್ಳಿಯಲ್ಲ" ಎಂದಳು ತಿಪ್ಪಮ್ಮ.

ಜನ ನಕ್ಕರು. ಈ ಸಲ ಶೆಟ್ಟಿಯೂ ನಕ್ಕ. ಎಲ್ಲ ಮಡಕೆಗಳನ್ನೂ ಅವನೇ ಸಾಗಿಸಿದ.

ಭರಮನು ಕೋಲು, ಕಂಬಳಿ ತೆಗೆದುಕೊಂಡು ಹೊರಟಾಗ ತಿಪ್ಪಮ್ಮ ಒಂದು ಗಡಿಗೆ ಹಿಡಿದು ಅವನ ದಾರಿಗೆ ಅಡ್ಡ ನಿಂತಳು.

"ಬೇಡ ದೊಡ್ಡಮ್ಮ. ಅವರು ಮಾಡಿದ ಕೊನೇ ಮಡಕೆಗಳು. ನಿನಗಿರಲಿ."

"ಅವರ ಕೈ ಮಾಡಿದ್ದು, ನಿನ್ನ ಕೈ ಸುಟ್ಟಿದ್ದು. ನಾನು ಕೂತು ಬೈದೆ, ಅಷ್ಟೇ. ತಗೊಂಡು ಹೋಗು. ಮೀಸೆಗೆ ಒಂದಿಷ್ಟು ಎಣ್ಣೆ ಹಚ್ಚು, ನೋಡೋಕಾಗ್ತಿಲ್ಲ."

ಭರಮನು ಕೋಳವನ್ನು ಕಂಬಳಿಯೊಳಗೆ ಸುತ್ತಿಕೊಂಡ. ಗಡಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಊರ ಬೀದಿಯಲ್ಲಿ ನಡೆದು ಹೋದ. ಎದುರಾದವರು ಕೇಳಿದರೆ, "ತಿಪ್ಪಮ್ಮನ ಕೋಳ ಹೊತ್ತಿದ್ದೆ" ಎಂದು ಹೇಳಿದ.

ನೀತಿ: ಒಬ್ಬರ ಕೈ ಕಟ್ಟುವ ಅಧಿಕಾರ ನಮಗೆ ಬಂದರೆ, ಬಿಚ್ಚುವ ತನಕ ಆ ಕೈ ಮಾಡಬೇಕಾದ ಕೆಲಸಕ್ಕೆಲ್ಲ ನಾವೇ ಹೊಣೆ. ಅವರು ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದು ಆಮೇಲಿನ ಮಾತು. ಅದು ತಿಳಿಯುವುದಕ್ಕೆ ಮೊದಲೇ ಈ ಹೊಣೆ ಶುರುವಾಗಿರುತ್ತದೆ.

ಆ ಗಡಿಗೆಯ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು.